ಗಡಿಯಲ್ಲಿ ನಡೆಯುವುದನ್ನು ಬರೆಯಿರಿ

ಮಾನ್ಯರೇ,

ಒಂದಕ್ಕೊಂದು ಬೆರೆಯದ ಪಾಲಿಮರ್‌ಗಳನ್ನು ಬ್ಲಾಕ್ ಕೋಪಾಲಿಮರ್‌ಗಳ (ಬೇರೆ ಬೇರೆ ಪಾಲಿಮರ್‌ಗಳ ತುಂಡುಗಳನ್ನು, ಅಂದರೆ ಬ್ಲಾಕ್‌ಗಳನ್ನು, ಒಂದೇ ಸರಪಳಿಯಾಗಿ ಜೋಡಿಸಿದ ಅಣುಗಳ) ನೆರವಿನಿಂದ ಹೊಂದಿಸುವುದನ್ನು ಕುರಿತ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ಈಗಿನ ರೂಪದಲ್ಲಿ ಪ್ರಕಟಿಸಲಾಗದು. ಆದರೆ ವಿಷಯ ಗಟ್ಟಿಯಾದದ್ದು, ಆದ್ದರಿಂದ ತಿದ್ದಿ ಕಳಿಸಬೇಕೆಂಬುದು ನನ್ನ ಮನಃಪೂರ್ವಕ ಕೋರಿಕೆ.

ಕೋಪಾಲಿಮರ್ ಸೇರಿಸಿದೊಡನೆ ಪಾಲಿಸ್ಟೈರೀನ್ ಮತ್ತು ಪಾಲಿಎಥಿಲೀನ್ ‘ಕರಗಿ ಒಂದಾಗುತ್ತವೆ’ ಎಂದಿದ್ದೀರಿ. ಹಾಗಾಗುವುದಿಲ್ಲ. ಉದ್ದನೆಯ ಸರಪಳಿಗಳು ಬೆರೆತಾಗ ದೊರೆಯುವ ಎಂಟ್ರೊಪಿಯ (ಅಣುಗಳ ಅಸ್ತವ್ಯಸ್ತತೆಯ) ಲಾಭ ತೀರಾ ಅಲ್ಪವಾದ್ದರಿಂದ, ಅವುಗಳ ನಡುವಿನ ಸಣ್ಣ ವಿಕರ್ಷಣೆಯೂ ಬೇರ್ಪಡಿಸಲು ಸಾಕಾಗುತ್ತದೆ. ಕೋಪಾಲಿಮರ್ ಬಂದ ಮೇಲೂ ಎರಡು ಪ್ರಾವಸ್ಥೆಗಳು (ಒಂದೊಂದು ಪಾಲಿಮರ್‌ನ ಪ್ರತ್ಯೇಕ ಭಾಗಗಳು) ಎರಡಾಗಿಯೇ ಉಳಿಯುತ್ತವೆ. ಬದಲಾಗುವುದು ಅವುಗಳ ಗಡಿ. ಕೋಪಾಲಿಮರ್‌ನ ಒಂದು ಬ್ಲಾಕ್ ಈಚೆಗೆ, ಇನ್ನೊಂದು ಆಚೆಗೆ ಚಾಚಿಕೊಂಡು ಗಡಿಯ ಎಳೆತವನ್ನು ತಗ್ಗಿಸುತ್ತವೆ, ಒಂದು ಪಾಲಿಮರ್‌ನಲ್ಲಿ ಚದುರಿದ ಇನ್ನೊಂದರ ಹನಿಗಳು ಒಂದರೊಳಗೊಂದು ಸೇರಿ ದೊಡ್ಡದಾಗದಂತೆ ತಡೆಯುತ್ತವೆ.

ನೀವು ಕೊಟ್ಟ ಎಣ್ಣೆ, ನೀರು, ಸಾಬೂನಿನ ಹೋಲಿಕೆ ಇಲ್ಲಿಯವರೆಗೆ ಮಾತ್ರ ಸಲ್ಲುತ್ತದೆ. ಘನರೂಪದ ಮಿಶ್ರಣ ಹೊರಗಿನಿಂದ ಎಳೆದರೂ ಮುರಿಯದೆ ತಾಳಬೇಕು. ಅದಕ್ಕೆ ಪ್ರತಿ ಬ್ಲಾಕ್ ತನ್ನ ಬದಿಯ ಸರಪಳಿಗಳೊಂದಿಗೆ ತೊಡಕಿಕೊಳ್ಳುವಷ್ಟು ಉದ್ದವಿರಬೇಕು. ಎರಡು ತೊಡಕುಗಳ ನಡುವಿನ ಸರಪಳಿಯ ಅಣುತೂಕ ಪಾಲಿಎಥಿಲೀನ್‌ನಲ್ಲಿ ಸುಮಾರು 1,000 ಆದರೆ ಪಾಲಿಸ್ಟೈರೀನ್‌ನಲ್ಲಿ ಸುಮಾರು 18,000. ಅಂದರೆ ಪಾಲಿಸ್ಟೈರೀನ್ ಬ್ಲಾಕ್ ಬಹಳ ಹೆಚ್ಚು ಉದ್ದವಿರಬೇಕು. ಆದ್ದರಿಂದ ‘ಯಾವ ಕೋಪಾಲಿಮರ್ ಆದರೂ ಆದೀತು’ ಎಂಬ ನಿಮ್ಮ ಮಾತು ನಿಲ್ಲದು. ಹಾಗೆಂದು ಬ್ಲಾಕ್‌ಗಳನ್ನು ಉದ್ದವಾಗಿಸುತ್ತಲೇ ಹೋದರೆ, ಇಲ್ಲವೇ ಪ್ರಮಾಣವನ್ನು ಏರಿಸುತ್ತಲೇ ಹೋದರೆ, ಅಣುಗಳು ಗಡಿಯನ್ನು ತಲುಪುವ ಮೊದಲೇ ತಮ್ಮಲ್ಲೇ ಗುಂಪುಗೂಡಿ ಮೈಸೆಲ್‌ಗಳೆಂಬ ಸಣ್ಣ ಉಂಡೆಗಳಾಗಿ ಒಂದು ಪ್ರಾವಸ್ಥೆಯೊಳಗೆ ಸಿಕ್ಕಿಬೀಳುತ್ತವೆ. ಈ ಇಕ್ಕಟ್ಟೇ ಲೇಖನದ ಜೀವಾಳವಾಗಬೇಕಿತ್ತು, ನೀವು ಅದನ್ನು ಮುಟ್ಟಿಯೇ ಇಲ್ಲ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳನ್ನಂತೂ ಕೊನೆಯ ಪುಟದ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಕೋಪಾಲಿಮರ್ ಇಲ್ಲದ ತುಂಡಿನ ಮುರಿದ ಮೈಯಲ್ಲಿ ಹನಿಗಳು ಕಳಚಿಹೋದ ನುಣುಪಾದ ಕುಳಿಗಳಿವೆ. ಕೋಪಾಲಿಮರ್ ಇರುವ ತುಂಡಿನಲ್ಲಿ ಹನಿಗಳು ಚಿಕ್ಕದಾಗಿವೆ, ಸುತ್ತಲಿನ ವಸ್ತುವನ್ನು ಬಿಡದೆ ಎಳೆಎಳೆಯಾಗಿ ಹರಿದಿವೆ. ಓದುಗರಿಗೆ ಇಡೀ ವಿಷಯವನ್ನು ಕಣ್ಣಾರೆ ತೋರಿಸುವ ಚಿತ್ರಗಳಿವು, ಲೇಖನ ಅಲ್ಲಿಂದಲೇ ಆರಂಭವಾಗಲಿ.

ಕಾರ್ಖಾನೆಗಳಲ್ಲಿ ಎಷ್ಟೋ ಸಲ ಕೋಪಾಲಿಮರ್ ಅನ್ನು ಹೊರಗಿನಿಂದ ತರುವುದೇ ಇಲ್ಲ: ಮೇಲಿಕ್ ಅನ್‌ಹೈಡ್ರೈಡ್ ಕಸಿಮಾಡಿದ ಪಾಲಿಪ್ರೊಪಿಲೀನ್ ನೈಲಾನ್‌ನ ಅಮೀನ್ ತುದಿಗಳೊಂದಿಗೆ ಪ್ಲಾಸ್ಟಿಕ್ ಕರಗಿಸಿ ಬೆರೆಸುವ ಯಂತ್ರವಾದ ಎಕ್ಸ್‌ಟ್ರೂಡರ್‌ನೊಳಗೇ ಪ್ರತಿಕ್ರಿಯಿಸಿ, ಬೇಕಾದ ಗಡಿಯಲ್ಲೇ ಅದನ್ನು ಹುಟ್ಟಿಸುತ್ತದೆ. ಇದಕ್ಕೊಂದು ಪ್ಯಾರಾ ಕೊಡಿ. ಮರುಬಳಕೆಯ ಭಾಗದಲ್ಲಿ ಘೋಷಣೆಗಳನ್ನು ಬಿಟ್ಟು, ಪಾಲಿಎಥಿಲೀನ್ ಮತ್ತು ಪಾಲಿಪ್ರೊಪಿಲೀನ್‌ಗಳ ಪೆಡಸು ಮಿಶ್ರಣವನ್ನು ನಾಲ್ಕು ಬ್ಲಾಕ್‌ಗಳ ಕೋಪಾಲಿಮರ್‌ನಿಂದ ಗಟ್ಟಿಗೊಳಿಸಬಹುದೆಂದು ಸಂಶೋಧಕರಾದ ಕೋಟ್ಸ್ ಮತ್ತು ಬೇಟ್ಸ್ ಅವರ ತಂಡಗಳು 2017ರಲ್ಲಿ ತೋರಿಸಿದ್ದನ್ನು ವಿವರಿಸಿ. ಸ್ಥಳ ಸಾಲದಿದ್ದರೆ ಪ್ಲಾಸ್ಟಿಕ್‌ನ ಇತಿಹಾಸ ಹೇಳುವ ಪೀಠಿಕೆಯನ್ನು ಪೂರ್ತಿಯಾಗಿ ತೆಗೆದುಹಾಕಿ.