ಮುಟ್ಟು ಲೇಟಾದ್ರೆ ಮೊದಲು ಟೆಸ್ಟು, ಆಮೇಲೆ ಮಾತು

ಈ ಕೇಸು ಬರೀಲೇಬೇಕು ಅನ್ಸಿದ್ದು ಯಾಕಂದ್ರೆ ಹೆಸರು ಊರು ಬದಲಾಗತ್ತೆ ಅಷ್ಟೇ, ಇದೇ ಕಥೆ ಮೈಸೂರಲ್ಲಿ ಆಪ್ತಸಲಹೆ ಕೊಡೋ ನನ್ನ ಹತ್ರ ಮತ್ತೆ ಮತ್ತೆ ಬರ್ತಾನೇ ಇದೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದೀನಿ.

ಹುಡುಗಿಗೆ 26 ವರ್ಷ, ಮದುವೆಯಾಗಿ ಎರಡು ವರ್ಷ, ಗಂಡನ ಮನೆ ಮಳವಳ್ಳಿ ಕಡೆ. ಗಂಡನೇ ಕರ್ಕೊಂಡು ಬಂದಿದ್ದ. "ಊಟ ಬಿಟ್ಟವ್ಳೆ ಮೇಡಂ, ಮಾತೂ ಆಡಲ್ಲ, ಮಧ್ಯರಾತ್ರಿ ಎದ್ದು ಕೂತಿರ್ತಾಳೆ" ಅಂದ. ಆಗಿದ್ದೇನು ಅಂದ್ರೆ, ಡೇಟ್ ಆಗಿ ಹತ್ತು ದಿನ ಕಳೆದ್ರೂ ಮುಟ್ಟಾಗಿಲ್ಲ, ಅತ್ತೆಯವರು ಖುಷಿ ತಡೀಲಾರದೆ ವಿಶೇಷ ಅಂತ ನೆಂಟರಿಗೆಲ್ಲ ಫೋನ್ ಮಾಡಿಬಿಟ್ರು, ಇವಳು ಗಂಡನ ಬೈಕಲ್ಲಿ ತವರಿಗೆ ಹೋಗಿ ಬಂದ್ಲು, ಮಾರನೇ ದಿನ ಜೋರಾಗಿ ರಕ್ತ ಹೋಯ್ತು. ಬೈಕಲ್ಲಿ ಹೋಗಿದ್ದಕ್ಕೇ ಬಿದ್ದೋಯ್ತು, ತವರ ಮೇಲಿನ ಆಸೆಗೆ ಮಗು ಕಳ್ಕೊಂಡ್ಲು ಅಂತ ಮಾತು ಶುರುವಾಯ್ತು. ಪ್ರೆಗ್ನೆನ್ಸಿ ಕಿಟ್ ತಂದು ಟೆಸ್ಟ್ ಮಾಡಿದವರು ಒಬ್ರೂ ಇಲ್ಲ, ಡಾಕ್ಟರ್ ಹತ್ರ ಹೋಗಿಲ್ಲ. ಗರ್ಭ ಇತ್ತು ಅಂತ ಹೇಳಿದ್ದೂ ಮನೆಯವರೇ, ಅದನ್ನ ಕಳೆದಿದ್ದು ಇವಳು ಅಂತ ತೀರ್ಪು ಕೊಟ್ಟಿದ್ದೂ ಮನೆಯವರೇ.

ಮೊದಲನೇ ಸಲ ಹುಡುಗಿ ಬಾಯಿ ಬಿಡಲೇ ಇಲ್ಲ. ಮುಂದಿನ ಸಲ ಅತ್ತೆಯವರನ್ನೂ ಕರ್ಕೊಂಡು ಬನ್ನಿ, ಮನೆ ಗೋಡೆ ಕ್ಯಾಲೆಂಡರ್ ಇದ್ರೆ ಅದನ್ನೂ ತನ್ನಿ ಅಂದೆ. ಬಹಳ ಮನೆಗಳಲ್ಲಿ ಸೊಸೆ ಆಚೆ ಕೂರೋ ದಿನಕ್ಕೆ ಅತ್ತೆ ಪೆನ್ನಲ್ಲಿ ಚುಕ್ಕೆ ಇಟ್ಟಿರ್ತಾರೆ, ಅದು ನಂಗೆ ಗೊತ್ತಿತ್ತು. ಇಲ್ಲೂ ಇತ್ತು, ಪ್ರತಿ ತಿಂಗಳೂ ನೀಲಿ ಚುಕ್ಕೆ.

ಕ್ಯಾಲೆಂಡರ್ ಟೇಬಲ್ ಮೇಲೆ ಹರಡಿ ಹುಡುಗಿ ಕೈಗೆ ಕೆಂಪು ಪೆನ್ ಕೊಟ್ಟೆ. ಮುಟ್ಟು ಮುಂದಕ್ಕೆ ಹಾಕೋ ಮಾತ್ರೆ ಯಾವತ್ತೆಲ್ಲ ತಗೊಂಡಿದೀಯೋ ಅಲ್ಲೆಲ್ಲ ಗುರುತು ಮಾಡಮ್ಮ ಅಂದೆ. ವರಮಹಾಲಕ್ಷ್ಮಿಗೆ ಮಾಡಿದ್ಲು. ಆಯುಧಪೂಜೆಗೆ ಮಾಡಿದ್ಲು. ನಾದಿನಿ ಮನೆ ಗೃಹಪ್ರವೇಶಕ್ಕೆ ಐದು ದಿನ. "ಅದ ನಾನೇ ಕೊಟ್ಟಿದ್ದು, ಅಷ್ಟೇಯ" ಅಂದ್ರು ಅತ್ತೆ. ಹುಡುಗಿ ಪೆನ್ ಕೆಳಗಿಡಲಿಲ್ಲ. ಮುಂದಿನ ವಾರ ಪೂರ್ತಿ ಗೀಟು ಎಳೆದ್ಲು. ಮಾದಪ್ಪನ ಬೆಟ್ಟಕ್ಕೆ ಹರಕೆಗೆ ಹೋಗೋದಿತ್ತಲ್ಲ, ದಾರೀಲಿ ಆಗಿಬಿಟ್ರೆ ಅಂತ ನಾದಿನಿ ಇನ್ನೊಂದು ಶೀಟ್ ಮಾತ್ರೆ ಕೊಟ್ಟಿದಾಳೆ, ಅಮ್ಮನಿಗೆ ಹೇಳ್ಬೇಡ ಅಂತಾನೂ ಹೇಳಿದಾಳೆ. ಗೀಟು ನಿಂತ ಮೂರನೇ ದಿನಕ್ಕೆ ಸರಿಯಾಗಿ ರಕ್ತ ಹೋದ ದಿನ ಬರತ್ತೆ.

ಅತ್ತೆಯವರು ಬೆರಳಿಟ್ಟು ಇನ್ನೊಂದ್ಸತಿ ಎಣಿಸಿದ್ರು. ಆಮೇಲೆ, "ಹಂಗಾರೆ ತಡೆದವ್ರೂ ನಾವೇಯ, ಹಿಗ್ಗಿದವ್ರೂ ನಾವೇಯ" ಅಂದ್ರು. ಸೊಸೆ ಕಡೆ ತಿರುಗಿ "ಯಾಕ್ ಮಗ ಹೇಳ್ನಿಲ್ಲ" ಅಂದಾಗ ಅವಳು ಹೇಳಿದ್ದು, "ಯಾರೂ ಕೇಳ್ನಿಲ್ವಲ್ಲ ಅತ್ತೆ." ಅಷ್ಟು ದಿನದಲ್ಲಿ ಅವಳು ಆಡಿದ ಮೊದಲನೇ ಪೂರ್ತಿ ಮಾತು ಅದು.

ಮಾತ್ರೆ ಬಗ್ಗೆ ಒಂದು ಮಾತು. ನೊರೆಥಿಸ್ಟೆರೋನ್ ಅನ್ನೋ ಹಾರ್ಮೋನ್ ಅದು, ಡೇಟಿಗೆ ಮೂರು ದಿನ ಮುಂಚೆ ಶುರು ಮಾಡಿ ಸಾಮಾನ್ಯವಾಗಿ 5 ಮಿಲಿಗ್ರಾಂ ದಿನಕ್ಕೆ ಮೂರು ಸಲ ಕೊಡ್ತಾರೆ, ನುಂಗ್ತಾ ಇರೋವರೆಗೂ ಮುಟ್ಟು ತಡೆದಿರತ್ತೆ, ಬಿಟ್ಟ ಎರಡು ಮೂರು ದಿನಕ್ಕೆ ಬರತ್ತೆ. ರಕ್ತ ಹೆಪ್ಪುಗಟ್ಟೋ ತೊಂದರೆ ಇದ್ದವರಿಗೆ ಇದು ಅಪಾಯ. ಅದಕ್ಕೇ ಮೆಡಿಕಲ್ ಸ್ಟೋರಲ್ಲಿ ಕೇಳಿ ತರೋದಲ್ಲ, ಡಾಕ್ಟರ್ ಬರೆದ್ರೆ ಮಾತ್ರ.

ನಾನು ಕೊಟ್ಟ ಸಲಹೆ ಮೂರ್ನಾಕು ಮಾತಿಂದು. ಇನ್ಮೇಲೆ ಡಾಕ್ಟರನ್ನ ಕೇಳದೆ ಆ ಮಾತ್ರೆ ಬೇಡ. ಲೇಟಾದ್ರೆ ಬೆಳಗಿನ ಮೊದಲ ಮೂತ್ರದಲ್ಲಿ ಕಿಟ್ ಹಾಕಿ, ನೆಗೆಟಿವ್ ಬಂದು ಮುಟ್ಟೂ ಆಗ್ಲಿಲ್ಲ ಅಂದ್ರೆ ವಾರ ಬಿಟ್ಟು ಇನ್ನೊಂದ್ಸಲ ಹಾಕಿ, ಆ ರಿಸಲ್ಟ್ ಗಂಡ ಹೆಂಡ್ತಿ ಮಧ್ಯೆ ಇರ್ಲಿ. ಕ್ಯಾಲೆಂಡರ್ ಚುಕ್ಕೆ ಇನ್ಮುಂದೆ ಸೊಸೆಯೇ ಇಟ್ಕೊಳ್ಲಿ. ಈಗ ಚೆಲುವಾಂಬ ಆಸ್ಪತ್ರೆಗೋ ನಿಮಗೆ ಹತ್ರದ ಲೇಡಿ ಡಾಕ್ಟರ್ ಹತ್ರಾನೋ ಹೋಗಿ, ಗಂಡನೂ ಜೊತೆಗೆ ಹೋಗ್ಬೇಕು.

ಮಡಿ ಮೈಲಿಗೆ ವಿಚಾರಕ್ಕೆ ನೀವ್ಯಾಕೆ ಕೈ ಹಾಕ್ತೀರಿ ಅಂತ ನನ್ನ ಕೇಳಿದವರಿದಾರೆ. ಪೂಜೆ ಬಿಡಿ ಅಂತ ನಾನು ಯಾರಿಗೂ ಹೇಳಿಲ್ಲ. ನಿಮ್ಮ ಪದ್ಧತಿ ಮುಖ್ಯ ಅಂದ್ರೆ ಆ ದಿನ ಅವಳು ಪೂಜೆಗೆ ಕೂರೋದು ಬೇಡ, ಹಬ್ಬ ಇನ್ನೊಬ್ರು ಮಾಡ್ಲಿ. ಪಂಚಾಂಗಕ್ಕೆ ಹೊಂದಿಕೊಳ್ಳೋಕೆ ವರ್ಷಕ್ಕೆ ಮೂರ್ನಾಕು ಸಲ ಅವಳ ದೇಹ ತಿರುಗಿಸೋದು ಬೇಡ, ಇಷ್ಟೇ ನನ್ನ ವಾದ, ಇದನ್ನ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ.

ಅವರು ಹೋಗಿ ತೋರಿಸಿದಾಗ ಡಾಕ್ಟರ್ ಹೇಳಿದ್ದು, ಆಗ ಗರ್ಭ ಇತ್ತೋ ಇಲ್ವೋ ಈಗ ಖಚಿತವಾಗಿ ಹೇಳಕ್ಕಾಗಲ್ಲ, ದಿನ ನೋಡಿದ್ರೆ ಮಾತ್ರೆ ಬಿಟ್ಟಿದ್ದಕ್ಕೇ ಬಂದಿರೋ ಹಾಗಿದೆ, ಅಕಸ್ಮಾತ್ ಗರ್ಭ ಕಟ್ಟಿ ಆಮೇಲೆ ಹೋಗಿದ್ರೂ ಬೈಕಲ್ಲಿ ಕೂತಿದ್ದಕ್ಕಲ್ಲ, ಶುರುವಿನ ವಾರಗಳಲ್ಲಿ ಹೋಗೋ ಗರ್ಭದಲ್ಲಿ ಬಹುಪಾಲು ಕ್ರೋಮೋಸೋಮ್ ಅಂದ್ರೆ ವಂಶವಾಹಿ ಇರೋ ಎಳೆಗಳ ತೊಂದರೆಯಿಂದ ಹೋಗೋದು. ಡಾಕ್ಟರ್ ಏನೇ ಹೇಳಿದ್ರೂ ಅತ್ತೆ ಎದುರಿಗೇ ಹೇಳ್ಸಿ ಅಂತ ಗಂಡನಿಗೆ ಮೊದಲೇ ಹೇಳಿ ಕಳಿಸಿದ್ದೆ, ಹೇಳಿಸಿದ. ಮಾತ್ರೆ ಇಲ್ಲದ ತಿಂಗಳಲ್ಲೂ ಚುಕ್ಕೆಗಳ ನಡುವೆ 40 ದಿನ ದಾಟಿತ್ತು, ಕೂದಲು ಉದುರೋದು, ಸುಸ್ತು ಎಲ್ಲ ಇತ್ತು, ರಕ್ತ ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಕಮ್ಮಿ ಕೆಲಸ ಮಾಡ್ತಿದೆ ಅಂತ ಬಂತು. ಹಬ್ಬದ ಮಾತ್ರೆ ಗಲಾಟೇಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಓದ್ತಿರೋ ಹೆಣ್ಮಕ್ಕಳಿಗೆ, ದೊಡ್ಡವರಲ್ಲಿ ಒಂದು ಮುಟ್ಟು ಶುರುವಾದಾಗಿಂದ ಇನ್ನೊಂದು 21ರಿಂದ 35 ದಿನದೊಳಗೆ ಬಂದ್ರೆ ನಾರ್ಮಲ್ಲೇ, ಒಂದ್ಸಲ ನಾಕೈದು ದಿನ ಹಿಂದೆ ಮುಂದೆ ಆದ್ರೆ ಗಾಬರಿ ಬೇಡ. ಗರ್ಭ ಇಲ್ಲದೇನೂ ತಡ ಆಗತ್ತೆ, ಟೆನ್ಷನ್, ತೂಕ ಒಂದೇ ಸಮ ಇಳಿಯೋದು ಏರೋದು, ಅಂಡಾಶಯದ ತೊಂದರೆಯಾದ ಪಿಸಿಒಡಿ, ಥೈರಾಯ್ಡ್, ಎದೆಹಾಲು ಬರಿಸೋ ಪ್ರೊಲ್ಯಾಕ್ಟಿನ್ ಹಾರ್ಮೋನ್ ಜಾಸ್ತಿ ಇರೋದು, ಎದೆಹಾಲು ಕೊಡ್ತಿರೋದು, ಗರ್ಭ ತಡೆಯೋ ಎಮರ್ಜೆನ್ಸಿ ಮಾತ್ರೆ, ಅಂತರಾ ಅನ್ನೋ ಗರ್ಭನಿರೋಧಕ ಇಂಜೆಕ್ಷನ್, ಕೆಲವು ಮಾನಸಿಕ ಕಾಯಿಲೆಯ ಮಾತ್ರೆ, ನಲವತ್ತರ ಮೇಲೆ ಮುಟ್ಟು ನಿಲ್ಲೋ ಕಾಲ. ಡಾಕ್ಟರ್ ಹತ್ರ ಹೋದಾಗ ನುಂಗಿದ್ದೆಲ್ಲ ಹೇಳಿ, ನಾಚ್ಕೋಬೇಡಿ. ಸರಿಯಾಗಿ ಆಗ್ತಿದ್ದವರಿಗೆ 3 ತಿಂಗಳು ನಿಂತ್ರೆ ಪರೀಕ್ಷೆ ಮಾಡಿಸಲೇಬೇಕು. ಲೇಟಾಗಿ ಬಂದ ರಕ್ತದ ಜೊತೆ ಕಿಬ್ಬೊಟ್ಟೆ ಒಂದು ಕಡೆ ವಿಪರೀತ ನೋವು, ತಲೆಸುತ್ತು ಬಂದ್ರೆ ಗರ್ಭ ಗರ್ಭಕೋಶದಲ್ಲಲ್ಲದೆ ಅಂಡನಾಳದಲ್ಲಿ ನಿಂತಿರಬಹುದು, ಅವತ್ತೇ, ಆಗಲೇ ಆಸ್ಪತ್ರೆಗೆ ಹೊರಡಿ.

ಹುಡುಗಿ ಈಗ ಬೆಳಗ್ಗೆ ಖಾಲಿ ಹೊಟ್ಟೇಲಿ ಥೈರಾಯ್ಡ್ ಮಾತ್ರೆ ತಗೋತಿದಾಳೆ, ಊಟ ಮಾಡ್ತಿದಾಳೆ. ವರ್ಷದ ಮೇಲೆ ಪ್ರಯತ್ನ ಪಟ್ಟಿರೋದ್ರಿಂದ ಗಂಡನಿಗೂ ವೀರ್ಯ ಪರೀಕ್ಷೆ ಬರೆದಿದಾರೆ, ಅವನಿನ್ನೂ ಮಾಡಿಸಿಲ್ಲ. ಮುಂದಿನ ಸಲ ಅವನೊಬ್ಬನನ್ನೇ ಬರೋಕೆ ಹೇಳಿದೀನಿ.