ದೇವರಾಯನದುರ್ಗಕ್ಕೆ ಮಗನನ್ನು ಕಳಿಸಲಾ?

ಪ್ರಶ್ನೆ: ಐದನೇ ಕ್ಲಾಸಿನ ಮಗ ಈ ವರ್ಷ ಸ್ಕೌಟ್ಸ್ ಸೇರಿದ್ದಾನೆ. ಮುಂದಿನ ತಿಂಗಳು ದೇವರಾಯನದುರ್ಗಕ್ಕೆ ಚಾರಣ, ನವೆಂಬರ್ 7ಕ್ಕೆ ಏನೋ ಕಾರ್ಯಕ್ರಮ ಅಂತಾನೆ. ಕಳಿಸೋಕೆ ಭಯ. ಏನು ಕೊಟ್ಟು ಕಳಿಸಲಿ?
– ಒಬ್ಬ ತಾಯಿ, ತುಮಕೂರು

ಉತ್ತರ: ಧೈರ್ಯವಾಗಿ ಕಳಿಸಿ ತಾಯಿ. ಸ್ಕೌಟ್ ಮಾಸ್ಟರ್ ಆಗಿ ನಾನು ಆ ಬೆಟ್ಟಕ್ಕೆ ಎಷ್ಟೋ ಸಲ ಮಕ್ಕಳನ್ನು ಕರೆದೊಯ್ದಿದ್ದೇನೆ. ನಾಮದ ಚಿಲುಮೆಯಲ್ಲಿ ಬಂಡೆಯೊಳಗಿಂದ ಜಿನುಗುವ ನೀರು ಕಂಡರೆ ಅವರು ಅಲ್ಲಿಂದ ಏಳುವುದೇ ಇಲ್ಲ! ಜಯಮಂಗಲಿ ನದಿ ಹುಟ್ಟುವುದೂ ಅದೇ ಬೆಟ್ಟದಲ್ಲಿ. ಕೆಳಗೆ ಭೋಗಾನರಸಿಂಹ, ತುದಿಯಲ್ಲಿ ಯೋಗಾನರಸಿಂಹ. ಮೆಟ್ಟಿಲು ಹತ್ತುವಾಗ ದೊಡ್ಡವರು ಚಿಕ್ಕವರ ಕೈ ಹಿಡಿಯುತ್ತಾರೆ. ಅದನ್ನು ನೋಡೋದೇ ನನಗೆ ಖುಷಿ.

ಕೋತಿ ಜಾಸ್ತಿ. ತಿಂಡಿ ಕವರಿನಲ್ಲಿ ಬೇಡ, ಡಬ್ಬಿಯಲ್ಲಿ ಹಾಕಿ ಬ್ಯಾಗಿನೊಳಗಿಡಿ. ಚಪಾತಿ, ಚಟ್ನಿಪುಡಿ ಸಾಕು. ನೀರು ಧಾರಾಳವಾಗಿರಲಿ. ಹೊಸ ಶೂ ಮಾತ್ರ ಬೇಡ. ಒಮ್ಮೆ ಒಬ್ಬ ಹುಡುಗನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು, ಇಳಿಯುವಾಗ ಅವನನ್ನು ಹೊತ್ತುಕೊಂಡೇ ಬಂದೆ.

ಚಿರತೆ, ಕರಡಿ ಇರುವ ಕಾಡು ಅದು. ಕತ್ತಲಾಗುವ ಮುಂಚೆ ವಾಪಸ್ ಬರ್ತಾರಾ, ಜೊತೆಗೆ ದೊಡ್ಡವರು ಎಷ್ಟು ಜನ ಅಂತ ಕೇಳಿ. ಕೇಳೋದು ನಿಮ್ಮ ಹಕ್ಕು, ಅಲ್ವಾ?

ನವೆಂಬರ್ 7, ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ 1950ರಲ್ಲಿ ಶುರುವಾದ ದಿನ. ಅವತ್ತಿಗೆ ಸ್ಕಾರ್ಫ್ ಇಸ್ತ್ರಿ ಮಾಡಿಡಿ. ಗಂಟು ಅವನೇ ಹಾಕಿಕೊಳ್ಳಲಿ.