ರೋಬೋಟ್‌ನಿಂದ ಮೆದುಳಿನ ಆಪರೇಷನ್ ಮಾಡುವಾಗ ಡಾಕ್ಟರ್ ಕೈಗೆ ಒತ್ತಡ ಗೊತ್ತಾಗುತ್ತದೆಯೇ?

ಗೊತ್ತಾಗುತ್ತದೆ, ಆದರೆ ಎಲ್ಲ ರೋಬೋಟ್‌ಗಳಲ್ಲೂ ಅಲ್ಲ. ಎಷ್ಟೋ ರೋಬೋಟ್‌ಗಳು ಸೂಜಿ ಅಥವಾ ಎಲೆಕ್ಟ್ರೋಡ್ ಸರಿಯಾದ ಜಾಗಕ್ಕೆ ಹೋಗುವಂತೆ ದಾರಿ ತೋರಿಸಿ ಅಲುಗದೆ ಹಿಡಿದಿರುತ್ತವೆ, ಅಷ್ಟೇ. ಡಾಕ್ಟರ್ ದೂರದಲ್ಲಿ ಕೂತು ಹಿಡಿಕೆ ಆಡಿಸುವ ಯಂತ್ರಗಳಲ್ಲಿ ಈ ಪ್ರಶ್ನೆ ಮುಖ್ಯವಾಗುತ್ತದೆ.

ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ನ್ಯೂರೋಆರ್ಮ್ ಅಂಥದ್ದು. 2008ರಲ್ಲಿ ಅದರಿಂದ ಮೆದುಳಿನ ಗಡ್ಡೆ ತೆಗೆದರು. ಅದರ ತೋಳಿನಲ್ಲಿ ಬಲ ಅಳೆಯುವ ಸೆನ್ಸರ್‌ಗಳಿವೆ. ಉಪಕರಣಕ್ಕೆ ಎಷ್ಟು ತಡೆ ಸಿಗುತ್ತದೆ ಎಂಬುದು ಕಂಪ್ಯೂಟರ್‌ಗೆ ಹೋಗುತ್ತದೆ. ಆಗ ಹಿಡಿಕೆಯ ಮೋಟರ್‌ಗಳು ಡಾಕ್ಟರ್ ಕೈಯನ್ನು ಹಿಂದಕ್ಕೆ ತಳ್ಳುತ್ತವೆ.

ಮೆದುಳು ತುಂಬಾ ಮೆತ್ತಗಿರುತ್ತದೆ ಅಲ್ವಾ? ಅದರ ಮೇಲೆ ಹಾಕುವ ಬಲ ಸಾಮಾನ್ಯವಾಗಿ 1 ನ್ಯೂಟನ್‌ಗಿಂತ ಕಡಿಮೆ, ಅಂದರೆ ಸುಮಾರು 100 ಗ್ರಾಂ ತೂಕಕ್ಕಿಂತಲೂ ಕಡಿಮೆ. ಎಷ್ಟೋ ಸಲ ಬರಿಗೈಗೇ ಅದು ಸರಿಯಾಗಿ ತಿಳಿಯುವುದಿಲ್ಲ. ರೋಬೋಟ್ ಅದನ್ನು ಹಲವು ಪಟ್ಟು ದೊಡ್ಡದು ಮಾಡಿ ಕೈಗೆ ಕೊಡಬಲ್ಲದು. ನನ್ನ ಪ್ರಕಾರ ನಿಜವಾದ ಲಾಭ ಇದೇ.

ಆದರೆ ಸುಮ್ನೆ ಜಾಸ್ತಿ ಮಾಡುತ್ತಾ ಹೋಗುವ ಹಾಗಿಲ್ಲ. ಸಂಕೇತ ಚೂರು ತಡವಾದರೂ ಹಿಡಿಕೆ ಅದುರಲು ಶುರುವಾಗಬಹುದು, ಮೆದುಳಿನ ಹತ್ತಿರ ಅದು ಅಪಾಯ. ಅದಕ್ಕೇ ಇಂಥ ಯಂತ್ರಗಳಲ್ಲಿ ಹಿಡಿಕೆ ಎಷ್ಟು ತಳ್ಳಬೇಕು ಎಂಬ ಲೆಕ್ಕ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 1000 ಸಲ ನಡೆಯುತ್ತದೆ.